ಕುದಿಯೋ ಹಾಲಿಗೆ ಹೆಪ್ಪು ಹಾಕ್ತೀರಾ? ಕೋಳಿ ಆಹಾರದ ಫೈಟೇಸ್ ಬಗ್ಗೆ ಒಂದಿಷ್ಟು ನೇರ ಮಾತು

ಹೆಪ್ಪು ಹಾಕೋದನ್ನ ಯಾರೂ ಪುಸ್ತಕ ಓದಿ ಕಲಿತಿಲ್ಲ. ಹಾಲು ಕಾಯಿಸಿ, ಆರಲು ಬಿಟ್ಟು, ಬೆರಳು ಅದ್ದಿ ನೋಡಿ, ಉಗುರುಬೆಚ್ಚಗೆ ಆದ ಮೇಲೆ ಒಂದು ಚಮಚ ಮಜ್ಜಿಗೆ ಬಿಡ್ತಾರೆ. ಕುದಿಯುವ ಹಾಲಿಗೆ ಬಿಟ್ಟರೆ ಬೆಳಗ್ಗೆ ಎದ್ದು ನೋಡಿದಾಗ ಮೊಸರು ಇರಲ್ಲ ಅನ್ನೋದು ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಇಷ್ಟು ಗೊತ್ತಿರುವ ನಾವೇ ಸಾವಿರಾರು ರೂಪಾಯಿ ಕೊಟ್ಟು ತಂದ ಕಿಣ್ವದ ಪೊಟ್ಟಣವನ್ನು ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ ಇಡುತ್ತೇವೆ, ಇಲ್ಲಾಂದ್ರೆ ಪೆಲೆಟ್ ಮಷಿನ್ನಿಗೆ ಹಾಕಿ ಬೇಯಿಸುತ್ತೇವೆ. ಆಮೇಲೆ "ಎಂಜೈಮ್ ಎಲ್ಲಾ ಮೋಸ, ಏನೂ ಕೆಲಸ ಮಾಡಲ್ಲ" ಅಂತ ವಾಟ್ಸಾಪ್ ಗುಂಪಿನಲ್ಲಿ ಬೈಯುತ್ತೇವೆ. ನಾನೂ ಹಾಗೆ ಬೈದವನೇ.

ಹೆಪ್ಪಿನಲ್ಲಿ ಇರೋದು ಜೀವ ಇರುವ ಬ್ಯಾಕ್ಟೀರಿಯಾ, ಕಿಣ್ವ ಅನ್ನೋದು ಜೀವ ಇಲ್ಲದ ಬರೀ ಪ್ರೋಟೀನು. ಆದರೆ ಬಿಸಿಗೆ ಕೆಡುವ ವಿಷಯದಲ್ಲಿ ಎರಡರ ಹಣೆಬರಹವೂ ಒಂದೇ.

ಈ ವಾರ ಫೈಟೇಸ್ ಬಗ್ಗೆಯೇ ಬರೆಯಲು ಕಾರಣ ಇದೆ. ಕೋಳಿ ಸಾಕುವ ಹುಡುಗರು ಈಗ ತಾವೇ ಫೀಡ್ ಮಿಕ್ಸ್ ಮಾಡಿಕೊಳ್ಳಲು ಶುರುಮಾಡಿದ್ದಾರೆ. ಒಳ್ಳೆಯದೇ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಮನೆ ಬಾಗಿಲಲ್ಲೇ ಸಿಗುತ್ತೆ. ಡೀಲರ್ ಬಂದು "ಫೈಟೇಸ್ ಹಾಕಿ, ಡಿಸಿಪಿ ಕಮ್ಮಿ ಮಾಡಿ, ದುಡ್ಡು ಉಳಿಸಿ" ಅಂತಾನೆ. ಮಾತು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಡಿಸಿಪಿ ಕಡಿಮೆ ಮಾಡೋದು ನಿಮ್ಮ ಕೈಯಲ್ಲಿದೆ, ಅದು ಖಂಡಿತ ಕಡಿಮೆ ಆಗುತ್ತೆ. ಫೈಟೇಸ್ ಕೋಳಿಯ ಹೊಟ್ಟೆ ತಲುಪುವ ತನಕ ಕೆಲಸ ಮಾಡುವ ಸ್ಥಿತಿಯಲ್ಲಿ ಇರುತ್ತಾ ಅನ್ನೋದು ಮಾತ್ರ ನಿಮಗೆ ಕಣ್ಣಿಗೆ ಕಾಣಲ್ಲ. ಕೆಟ್ಟ ಫೈಟೇಸಿಗೂ ಒಳ್ಳೆ ಫೈಟೇಸಿಗೂ ಬಣ್ಣ ಒಂದೇ, ವಾಸನೆ ಒಂದೇ, ರೇಟೂ ಒಂದೇ.

ಮೊದಲು ಇದು ಮಾಡುವ ಕೆಲಸ ಏನು ಅಂತ ನೋಡೋಣ. ಕಾಳು ತನ್ನ ಮೊಳಕೆಗೆ ಬೇಕಾದ ರಂಜಕವನ್ನು ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿ ಇಟ್ಟುಕೊಂಡಿರುತ್ತೆ. ಒಂದು ಸಣ್ಣ ಉಂಗುರ, ಅದರ ಸುತ್ತ ಆರು ರಂಜಕದ ಗುಂಪುಗಳು. ಮೆಕ್ಕೆಜೋಳ, ಸೋಯಾ ಹಿಂಡಿಗಳಲ್ಲಿರುವ ಒಟ್ಟು ರಂಜಕದಲ್ಲಿ ಸುಮಾರು ಮೂರನೇ ಎರಡು ಭಾಗ ಹೀಗೆ ಬೀಗದೊಳಗೇ ಇರುತ್ತೆ. ತೌಡಿನಲ್ಲಂತೂ ಇನ್ನೂ ಜಾಸ್ತಿ. ಆ ಬೀಗ ತೆಗೆಯುವ ಕೀಲಿಕೈ ಫೈಟೇಸ್. ಕಾಳು ಮೊಳಕೆ ಒಡೆದಾಗ ಅದರಲ್ಲೇ ಇರುವ ಫೈಟೇಸ್ ಎಚ್ಚರಗೊಂಡು ರಂಜಕ ಬಿಡಿಸುತ್ತೆ. ನಮ್ಮ ಅಜ್ಜಿಯಂದಿರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಹುರಿದು ಮಗುವಿಗೆ ಸರಿ ಮಾಡುತ್ತಿದ್ದುದರ ಹಿಂದೆ ಇರುವುದೂ ಇದೇ ವಿದ್ಯೆ. 1907ರಷ್ಟು ಹಿಂದೆಯೇ ಜಪಾನಿನ ವಿಜ್ಞಾನಿಗಳು ಅಕ್ಕಿ ತೌಡಿನಲ್ಲಿ ಈ ಕಿಣ್ವವನ್ನು ಗುರುತಿಸಿದ್ದರು.

ಹಸು, ಎಮ್ಮೆ, ಕುರಿಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳೇ ಫೈಟೇಸ್ ತಯಾರು ಮಾಡುತ್ತವೆ. ಹಾಗಾಗಿ ಹಾಲಿನ ಹಸುವಿಗೆ ಯಾರಾದರೂ ಫೈಟೇಸ್ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಿ. ಕೋಳಿ, ಹಂದಿ, ಮೀನುಗಳಿಗೆ ಆ ಭಾಗ್ಯ ಇಲ್ಲ. ಅವುಗಳ ಹೊಟ್ಟೆಯಲ್ಲಿ ಫೈಟೇಟ್ ಹಾಗೇ ಹಾದು ಹೊರಗೆ ಬೀಳುತ್ತೆ, ಹೋಗುವಾಗ ಕ್ಯಾಲ್ಸಿಯಂ, ಸತುವನ್ನೂ ಕಟ್ಟಿಕೊಂಡು ಹೋಗುತ್ತೆ. ಅದಕ್ಕೇ ನಾವು ಮೇಲಿನಿಂದ ಡಿಸಿಪಿ ಹಾಕೋದು. ಆ ಡಿಸಿಪಿ ಬರೋದು ರಾಕ್ ಫಾಸ್ಫೇಟ್ ಕಲ್ಲಿನಿಂದ, ಆ ಕಲ್ಲಿನ ಬಹುಪಾಲು ನಮ್ಮ ದೇಶಕ್ಕೆ ಹೊರಗಿನಿಂದ ಬರಬೇಕು. ಡಿಎಪಿ ಗೊಬ್ಬರಕ್ಕೂ ಅದೇ ಕಲ್ಲು. ಗೊಬ್ಬರದ ರೇಟು ಏರಿದಾಗೆಲ್ಲ ಡಿಸಿಪಿ ರೇಟೂ ಯಾಕೆ ಕುಣಿಯುತ್ತೆ ಅಂತ ಈಗ ಗೊತ್ತಾಯ್ತಲ್ಲ.

ಲೆಕ್ಕ ಹಾಕೋಣ. ಒಂದು ಕೆಜಿ ಫೀಡಿಗೆ 500 ಯೂನಿಟ್ ಫೈಟೇಸ್ ಹಾಕಿದರೆ ಒಂದು ಟನ್ ಫೀಡಿನಲ್ಲಿ ಅಂದಾಜು 1 ಕೆಜಿ ರಂಜಕ ಕೋಳಿಗೆ ಹೆಚ್ಚಾಗಿ ಸಿಗುತ್ತೆ ಅಂತ ಇಟ್ಟುಕೊಳ್ಳಿ. ಡಿಸಿಪಿಯಲ್ಲಿ ರಂಜಕ ಶೇ. 18. ಅಂದರೆ ಟನ್ನಿಗೆ ಐದೂವರೆ ಕೆಜಿ ಡಿಸಿಪಿ ಉಳಿತಾಯ. 10 ಸಾವಿರ ಮೊಟ್ಟೆ ಕೋಳಿ ದಿನಕ್ಕೆ ತಲಾ 110 ಗ್ರಾಂನಂತೆ ತಿಂದರೆ ವರ್ಷಕ್ಕೆ 400 ಟನ್ ಫೀಡು. ಉಳಿಯುವ ಡಿಸಿಪಿ 2 ಟನ್ನಿಗೂ ಮೇಲೆ. ಇದಕ್ಕೆ ಬೇಕಾದ ಫೈಟೇಸ್ ಎಷ್ಟು? ಗ್ರಾಮಿಗೆ 5000 ಯೂನಿಟ್ ಇರುವ ಮಾಲಾದರೆ ಟನ್ನಿಗೆ ಬರೀ 100 ಗ್ರಾಂ. ಒಂದು ಟನ್ನಿಗೆ ಒಂದು ಹಿಡಿ! ಲಾಭವೂ ಇಲ್ಲೇ ಇದೆ, ಅಪಾಯವೂ ಇಲ್ಲೇ ಇದೆ. ಆ ಒಂದು ಹಿಡಿ ಸತ್ತಿದ್ದರೆ ಐದೂವರೆ ಕೆಜಿ ಡಿಸಿಪಿಯ ಜಾಗ ಖಾಲಿ ಬಿದ್ದ ಹಾಗೆ.

ಯೂನಿಟ್ ಅಂದರೇನು ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲೇ ಆಟ ಇರೋದು. 37 ಡಿಗ್ರಿ ಉಷ್ಣಾಂಶ, 5.5 ಪಿಹೆಚ್ ಇರುವ ದ್ರಾವಣದಲ್ಲಿ ಒಂದು ನಿಮಿಷಕ್ಕೆ ಇಷ್ಟು ರಂಜಕ ಬಿಡಿಸಿದರೆ ಒಂದು ಯೂನಿಟ್ ಅಂತ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಕೋಳಿಯ ಮೈ 41 ಡಿಗ್ರಿ. ಅದರ ಜಠರ ಅದಕ್ಕಿಂತ ತುಂಬಾ ಹುಳಿ, ಪಿಹೆಚ್ 3ರ ಆಸುಪಾಸು. ಅಲ್ಲಿ ಪ್ರೋಟೀನನ್ನೇ ತಿನ್ನುವ ಪೆಪ್ಸಿನ್ ಬೇರೆ ಇರುತ್ತೆ. ಚೀಲದ ಮೇಲಿನ ಯೂನಿಟ್ಟು ಕಾರ್ಖಾನೆ ಬಿಟ್ಟ ದಿನದ ಯೂನಿಟ್ಟು, ನಿಮ್ಮ ಕೋಳಿಯ ಹೊಟ್ಟೆಯ ಯೂನಿಟ್ಟಲ್ಲ.

ಈಗ ಬಿಸಿಯ ಕಥೆ. ಹಳ್ಳಿಯಲ್ಲಿ ಹಿರಿಯರು ರುಮಾಲು ಸುತ್ತೋದನ್ನ ನೋಡಿದ್ದೀರಲ್ಲ. ಉದ್ದನೆ ಬಟ್ಟೆ, ಸುತ್ತಿ ಸುತ್ತಿ ಒಂದು ಆಕಾರಕ್ಕೆ ಬಂದ ಮೇಲೆ ರುಮಾಲು. ಬಿಚ್ಚಿದರೆ ಮತ್ತೆ ಬರೀ ಬಟ್ಟೆ. ಕಿಣ್ವವೂ ಹಾಗೆ. ಅಮೈನೋ ಆಮ್ಲಗಳ ಉದ್ದ ಸರಪಳಿ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಾಗ ಮಾತ್ರ ಅದರಲ್ಲಿ ಫೈಟೇಟ್ ಬಂದು ಕೂರುವ ಗೂಡು ಉಂಟಾಗುತ್ತೆ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚುತ್ತೆ. ಬೆಂದ ಮೊಟ್ಟೆ ಹಸಿ ಆಗಲ್ಲ ಅಲ್ವಾ, ಹಾಗೇ ಬಿಚ್ಚಿದ ಕಿಣ್ವ ಬಹುತೇಕ ವಾಪಸ್ ಬರಲ್ಲ. ಪೆಲೆಟ್ ಮಾಡುವಾಗ ಹಬೆ ಬಿಟ್ಟು ಫೀಡನ್ನು 80–85 ಡಿಗ್ರಿಗೆ ಏರಿಸುತ್ತಾರೆ, ಗುಳಿಗೆ ಗಟ್ಟಿಯಾಗಲಿ, ಸಾಲ್ಮೊನೆಲ್ಲಾ ಸಾಯಲಿ ಅಂತ. ಸಾಲ್ಮೊನೆಲ್ಲಾ ಸಾಯುವ ಬಿಸಿಗೆ ಸಾಮಾನ್ಯ ಫೈಟೇಸೂ ಸಾಯುತ್ತೆ.

1991ರಲ್ಲಿ ನೆದರ್ಲೆಂಡ್ಸಿನಲ್ಲಿ ಮೊದಲ ಫೈಟೇಸ್ ಮಾರುಕಟ್ಟೆಗೆ ಬಂತು, ಆಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ತೆಗೆದದ್ದು. ಅಲ್ಲಿ ಹಂದಿ, ಕೋಳಿ ಗೊಬ್ಬರದ ರಂಜಕ ಹೊಲಗಳಲ್ಲಿ ತುಂಬಿ ನೀರಿಗೆ ಸೇರುತ್ತಿತ್ತು, ಸರ್ಕಾರ ಕಾನೂನು ಬಿಗಿ ಮಾಡಿತ್ತು. ಕಿಣ್ವ ಒಳ್ಳೆಯದೇ, ಆದರೆ ಪೆಲೆಟ್ ಬಿಸಿ ತಡೆಯುತ್ತಿರಲಿಲ್ಲ. ಅದಕ್ಕೆ ಉಪಾಯ ಮೂರು ದಾರಿಯಲ್ಲಿ ಹುಡುಕಿದರು. ಪೆಲೆಟ್ ತಣ್ಣಗಾದ ಮೇಲೆ ದ್ರವ ಫೈಟೇಸ್ ಸಿಂಪಡಿಸೋದು, ಇದಕ್ಕೆ ದೊಡ್ಡ ಮಿಲ್ಲು, ದುಬಾರಿ ಯಂತ್ರ ಬೇಕು. ಕಿಣ್ವದ ಕಾಳಿಗೆ ಮೇಣದಂಥ ಅಂಗಿ ತೊಡಿಸೋದು ಇನ್ನೊಂದು. ಅಂಗಿ ದಪ್ಪ ಇದ್ದರೆ ಬಿಸಿ ತಡೆಯುತ್ತೆ, ಆದರೆ ಕೋಳಿ ಹೊಟ್ಟೆಯಲ್ಲಿ ಬೇಗ ಕರಗಲ್ಲ. ಫೈಟೇಸಿಗೆ ಕೆಲಸ ಇರೋದೇ ಕತ್ತಿನ ಚೀಲ ಮತ್ತು ಜಠರದಲ್ಲಿ, ಅಲ್ಲಿ ಆಹಾರ ನಿಲ್ಲುವ ಸಮಯವೇ ಕಡಿಮೆ. ಅಂಗಿ ಬಿಚ್ಚುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತೆ.

ಮೂರನೆಯದು ಕಿಣ್ವವನ್ನೇ ಗಟ್ಟಿ ಮಾಡೋದು. ನನಗೆ ಬಹಳ ಹಿಡಿಸಿದ್ದು ಇದೇ.

ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯ ವಿಜ್ಞಾನಿಗಳು ಮಾಡಿದ್ದು ಒಂಥರಾ ಪಂಚಾಯ್ತಿ ಚುನಾವಣೆ. ಬೂಷ್ಟುಗಳಿಂದ ಸಿಕ್ಕ 13 ಫೈಟೇಸ್‌ಗಳ ಸರಪಳಿಯನ್ನು ಒಂದರ ಕೆಳಗೆ ಒಂದು ಸಾಲಾಗಿ ಬರೆದರು. ಪ್ರತಿ ಸ್ಥಾನದಲ್ಲೂ ಯಾವ ಅಮೈನೋ ಆಮ್ಲಕ್ಕೆ ಹೆಚ್ಚು ಓಟು ಬಿತ್ತೋ ಅದನ್ನೇ ಆರಿಸಿ ಪ್ರಕೃತಿಯಲ್ಲೇ ಇಲ್ಲದ ಹೊಸ ಕಿಣ್ವ ಕಟ್ಟಿದರು. 2000ನೇ ಇಸವಿಯಲ್ಲಿ ಅದರ ಫಲಿತಾಂಶ ಪ್ರಕಟವಾಯ್ತು: ಹೊಸ ಕಿಣ್ವದ ಮಡಿಕೆ ಬಿಚ್ಚುವ ಬಿಸಿ, ಆ 13ರಲ್ಲಿ ಯಾವುದಕ್ಕಿಂತಲೂ 15ರಿಂದ 22 ಡಿಗ್ರಿ ಮೇಲೆ. ಕೆಲಸ ಮಾಡುವ ಶಕ್ತಿಯೂ ಕುಂದಿರಲಿಲ್ಲ. ಇದು ದೊಡ್ಡ ವಿಷಯ, ಯಾಕೆಂದರೆ ಕಿಣ್ವವನ್ನು ಬಿಗಿ ಮಾಡಿದಷ್ಟೂ ಅದು ಮೈ ಬಿಸಿಯಲ್ಲಿ ಮಂದ ಆಗುವ ಭಯ ಇದ್ದೇ ಇರುತ್ತೆ. ರುಮಾಲಿಗೆ ತೀರಾ ಪಿನ್ನು ಚುಚ್ಚಿದರೆ ತಲೆ ಒಳಗೆ ಹೋಗಬೇಕಲ್ಲ!

ಅಮೆರಿಕದ ಡೈವರ್ಸಾ ಎಂಬ ಕಂಪನಿಯದು ಇನ್ನೊಂದು ಹಾದಿ. ಇ-ಕೋಲೈ ಬ್ಯಾಕ್ಟೀರಿಯಾದ ಫೈಟೇಸ್ ತಗೊಂಡು, ಅದರ 431 ಸ್ಥಾನಗಳಲ್ಲಿ ಒಂದೊಂದರಲ್ಲೂ ಉಳಿದ 19 ಅಮೈನೋ ಆಮ್ಲಗಳನ್ನು ಬದಲಿಸಿ ಬದಲಿಸಿ ನೋಡಿದರು. ಬಿಸಿ ತಡೆಯುವ 14 ಬದಲಾವಣೆ ಸಿಕ್ಕವು, ಅವುಗಳಲ್ಲಿ ಎಂಟನ್ನು ಒಂದೇ ಕಿಣ್ವದಲ್ಲಿ ಸೇರಿಸಿದರು. 2004ರ ಅವರ ವರದಿ ಪ್ರಕಾರ ಅದು 62 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೂ ಏನೂ ಕಳೆದುಕೊಳ್ಳಲಿಲ್ಲ. ಜಠರದಲ್ಲಿ ಬಾಳುವ ಶಕ್ತಿಯೂ ಮೂರೂವರೆ ಪಟ್ಟು ಹೆಚ್ಚಿತು. ಆದರೆ 85 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟಾಗ ಉಳಿದದ್ದು ಶೇ. 27. ಈ ಅಂಕಿ ನೆನಪಿಡಿ. ಹಬೆಯಲ್ಲಿ ಫೀಡು ಸಾಮಾನ್ಯವಾಗಿ ಹತ್ತು ನಿಮಿಷ ಇರಲ್ಲ, ಅರ್ಧ ನಿಮಿಷದಿಂದ ಕೆಲವು ನಿಮಿಷ ಅಷ್ಟೆ, ಹಾಗಾಗಿ ಅಲ್ಲಿ ಇಷ್ಟು ನಷ್ಟ ಆಗದೇ ಇರಬಹುದು. ಆದರೂ "ಬಿಸಿ ತಡೆಯುತ್ತೆ" ಅನ್ನುವ ಮಾತಿಗೆ ಎಷ್ಟು ಡಿಗ್ರಿ, ಎಷ್ಟು ಹೊತ್ತು ಅಂತ ಸೇರಿಸದಿದ್ದರೆ ಅರ್ಥವೇ ಇಲ್ಲ. ಆಮೇಲೆ ಬಂದ ಬ್ಯಾಕ್ಟೀರಿಯಾ ಮೂಲದ ಕಿಣ್ವಗಳು ಇನ್ನೂ ಗಟ್ಟಿ ಇವೆ, ಒಪ್ಪುತ್ತೇನೆ. ಅವಕ್ಕೂ ಪ್ರಶ್ನೆ ಇದೇ.

ಇಲ್ಲಿಂದ ನನ್ನ ತಕರಾರು ಶುರು.

ಇಷ್ಟು ವರ್ಷದ ಬುದ್ಧಿ, ದುಡ್ಡು ಎಲ್ಲಾ ಹೋಗಿದ್ದು ಹೆಚ್ಚಾಗಿ ಪೆಲೆಟ್ ಮಷಿನ್ನಿನ ಬಿಸಿ ಗೆಲ್ಲೋದಕ್ಕೆ. ಬ್ರಾಯ್ಲರ್‌ಗೆ ಅದು ಸರಿ. ಆದರೆ ಗುತ್ತಿಗೆ ಮೇಲೆ ಬ್ರಾಯ್ಲರ್ ಸಾಕುವವರಿಗೆ ಫೀಡು ಕಂಪನಿಯಿಂದ ಬರುತ್ತೆ, ಅದರಲ್ಲಿ ಯಾವ ಫೈಟೇಸ್ ಇದೆ ಅಂತ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ನನ್ನಂತೆ ಸ್ವಂತ ಫೀಡ್ ಮಿಕ್ಸ್ ಮಾಡುವ ಲೇಯರ್ ಫಾರಂನವರಲ್ಲಿ ಹೆಚ್ಚಿನವರು ಹಾಕೋದು ಪುಡಿ ಫೀಡು, ಮ್ಯಾಶ್. ಅದಕ್ಕೆ ಹಬೆಯೇ ಇಲ್ಲ! 90 ಡಿಗ್ರಿ ತಡೆಯುತ್ತೆ ಅನ್ನುವ ದುಬಾರಿ ಮಾಲನ್ನು ಮ್ಯಾಶ್ ಹಾಕುವವನಿಗೆ ಮಾರೋದು ಬಯಲುಸೀಮೆಯವನಿಗೆ ಮಲೆನಾಡಿನ ಗೊರಬು ಮಾರಿದ ಹಾಗೆ.

ನಮ್ಮ ಶತ್ರು ಬೇರೆ. ಮಾರ್ಚಿಯಿಂದ ಮೇ ತನಕ 40 ಡಿಗ್ರಿ ಮುಟ್ಟುವ ಗೋದಾಮು. ಮಳೆಗಾಲದ ಥಂಡಿ. ಮತ್ತೆ, ಬಹಳ ಜನ ಲೆಕ್ಕಕ್ಕೇ ತಗೊಳ್ಳದ ಪ್ರೀಮಿಕ್ಸ್ ಚೀಲ. ಅದರಲ್ಲಿರುವ ಕೋಲೀನ್ ಕ್ಲೋರೈಡು ಗಾಳಿಯ ತೇವ ಎಳೆದುಕೊಳ್ಳುತ್ತೆ. ತಾಮ್ರ, ಕಬ್ಬಿಣ, ಸತುವಿನ ಸಲ್ಫೇಟುಗಳು ಇರುತ್ತವೆ. ಆ ತೇವದಲ್ಲಿ, ಆ ಲವಣಗಳ ನಡುವೆ, ಆ ಸೆಖೆಯಲ್ಲಿ ಫೈಟೇಸನ್ನು ಸೇರಿಸಿ ತಿಂಗಳುಗಟ್ಟಲೆ ಇಟ್ಟರೆ ಪೆಲೆಟ್ ಮಷಿನ್ ಬೇಕಾಗಿಲ್ಲ, ಅದು ನಿಧಾನಕ್ಕೆ ಅಲ್ಲೇ ಸಾಯುತ್ತೆ.

ನನಗೆ ಆಗಿದ್ದು ಇದೇ ಇರಬೇಕು. ಕೆಲವು ವರ್ಷದ ಹಿಂದೆ ಡಿಸಿಪಿ ರೇಟು ಏರಿದಾಗ ಫೈಟೇಸ್ ನಂಬಿ ಡಿಸಿಪಿಯನ್ನು ಒಂದೇ ಸಲಕ್ಕೆ ಪೂರ್ತಿ ಲೆಕ್ಕದಷ್ಟು ಇಳಿಸಿದೆ. ರೇಟು ಸ್ವಲ್ಪ ಬಿಟ್ಟುಕೊಟ್ಟರು ಅಂತ ಮೂರು ತಿಂಗಳಿಗಾಗುವಷ್ಟು ಪ್ರೀಮಿಕ್ಸ್, ಫೈಟೇಸ್ ಸೇರಿಸಿಯೇ ತಯಾರು ಮಾಡಿಸಿ ತಗಡಿನ ಕೆಳಗೆ ಒಟ್ಟಿದೆ. ಏಪ್ರಿಲ್ ಕಳೆದು ಮೇ ನಡುವೆ ಪಂಜರದಲ್ಲಿ ಕೋಳಿಗಳು ಕೂತಲ್ಲೇ ಕೂರಲು ಶುರು. ನಿಲ್ಲಲು ಆಗಲ್ಲ, ಕಾಲು ಚಾಚಿಕೊಂಡು ಮಲಗುತ್ತವೆ. ಬಿಸಿಲಿನ ಸುಸ್ತು ಅಂದುಕೊಂಡು ನೀರಿಗೆ ವಿಟಮಿನ್ ಸಿ ಹಾಕಿದೆ, ಶೆಡ್ಡಿನ ಮೇಲೆ ಗರಿ ಹೊದಿಸಿದೆ. ಮೊಟ್ಟೆ ಇಳಿಯುತ್ತಲೇ ಹೋಯ್ತು. ಕೊನೆಗೆ ಡಾಕ್ಟರು ಬಂದು ಸತ್ತ ನಾಲ್ಕು ಕೋಳಿ ಕುಯ್ದು ತೋರಿಸಿದರು. ಎದೆ ಮೂಳೆ ಬಾಗಿತ್ತು, ಪಕ್ಕೆಲುಬು ಬೆರಳಲ್ಲಿ ಒತ್ತಿದರೆ ಹಸಿ ಕಡ್ಡಿ ಥರ ಬಳುಕುತ್ತಿತ್ತು. ಕೇಜ್ ಲೇಯರ್ ಫೆಟೀಗ್ ಅಂದರು. "ಫೀಡಲ್ಲಿ ಏನು ಬದಲಾಯಿಸಿದ್ರಿ?" ಅಂತ ಕೇಳಿದರು. ಹೇಳಿದೆ. "ಪೊಟ್ಟಣ ಎಲ್ಲಿ ಇಟ್ಟಿದ್ರಿ?" ಅಂದರು. ತೋರಿಸಿದೆ. ಅವರು ತಗಡು ನೋಡಿದರು, ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ಡಿಸಿಪಿ ಮೊದಲಿನಂತೆ ಏರಿಸಿದ ಮೇಲೆ ಎರಡು ಮೂರು ವಾರದಲ್ಲಿ ಬಹುಪಾಲು ಕೋಳಿ ಎದ್ದು ನಿಂತವು. ಹೋದವು ಹೋದವು. ಫೈಟೇಸ್ ಒಂದೇ ಕಾರಣ ಅಂತ ನಾನು ಆಣೆ ಮಾಡಲಾರೆ, ಬಿಸಿಲಿಗೆ ಕೋಳಿ ತಿನ್ನೋದೇ ಕಮ್ಮಿ, ಕ್ಯಾಲ್ಸಿಯಂ ಕೂಡ ಕಮ್ಮಿ ಹೋಗಿರುತ್ತೆ. ಆ ಪ್ರೀಮಿಕ್ಸಿನಲ್ಲಿ ಎಷ್ಟು ಯೂನಿಟ್ ಉಳಿದಿತ್ತು ಅಂತ ಪರೀಕ್ಷೆ ಮಾಡಿಸಬೇಕಿತ್ತು, ಮಾಡಿಸಲಿಲ್ಲ. ಒಂದು ಕಾಲು ಕೆಜಿ ಸ್ಯಾಂಪಲ್ ಕೂಡ ತೆಗೆದಿಟ್ಟಿರಲಿಲ್ಲ. ಮಾರಿದವರನ್ನು ಕೇಳಿದಾಗ "ನಮ್ಮ ಹತ್ರ ಇದ್ದಾಗ ಚೆನ್ನಾಗಿತ್ತು" ಅಂದರು. ಅದು ನಿಜವೂ ಇದ್ದಿರಬಹುದು.

ಅವತ್ತಿಂದ ನಾನು ಫೈಟೇಸ್ ಬಿಟ್ಟಿಲ್ಲ, ಇಡುವ ರೀತಿ ಬದಲಿಸಿದ್ದೇನೆ. ಪ್ರೀಮಿಕ್ಸ್ ಬೇರೆ, ಫೈಟೇಸ್ ಬೇರೆ. ಒಂದು ತಿಂಗಳಿಗೆ ಆಗುವಷ್ಟೇ ತರುತ್ತೇನೆ, ಅದು ಮನೆ ಒಳಗಿನ ತಣ್ಣನೆ ಕೋಣೆಯಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇರುತ್ತೆ, ತಯಾರಾದ ತಾರೀಕು ನೋಡಿಯೇ ದುಡ್ಡು. ಮಿಕ್ಸ್ ಮಾಡುವ ದಿನ 100 ಗ್ರಾಂ ಫೈಟೇಸನ್ನು ಮೊದಲು ಎರಡು ಕೆಜಿ ಮೆಕ್ಕೆಜೋಳದ ಪುಡಿಯಲ್ಲಿ, ಆಮೇಲೆ ಇಪ್ಪತ್ತು ಕೆಜಿಯಲ್ಲಿ ಕಲಸಿ, ಆಮೇಲೇ ಮಿಕ್ಸರಿಗೆ. ನೇರ ಸುರಿದರೆ ಒಂದು ಚೀಲಕ್ಕೆ ಹಬ್ಬ, ಇನ್ನೊಂದಕ್ಕೆ ಉಪವಾಸ. ಡಿಸಿಪಿಯನ್ನು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಇಳಿಸುತ್ತೇನೆ, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಸುಣ್ಣದಕಲ್ಲನ್ನು ಪೂರ್ತಿ ನುಣ್ಣನೆ ಪುಡಿ ಹಾಕದೆ ನುಚ್ಚು ಜಾಸ್ತಿ ಹಾಕುತ್ತೇನೆ. ನುಣ್ಣನೆ ಸುಣ್ಣ ಬೇಗ ಕರಗಿ ಫೈಟೇಟನ್ನು ಕಟ್ಟಿಹಾಕುತ್ತೆ, ಆಗ ಎಂಥ ಗಟ್ಟಿ ಕಿಣ್ವಕ್ಕೂ ಕೈ ಹಾಕಲು ಕಷ್ಟ.

ಸಣ್ಣ ಪೆಲೆಟ್ ಮಷಿನ್ ತಂದಿರುವ ಹುಡುಗರಿಗೆ ಒಂದು ಮಾತು. "ನಮ್ಮದಕ್ಕೆ ಬಾಯ್ಲರ್ ಇಲ್ಲ ಸಾರ್, ಬಿಸಿ ಆಗಲ್ಲ" ಅಂತೀರಿ. ಆ ಚಪ್ಪಟೆ ಡೈ ಮಷಿನ್ನಿನಿಂದ ಬೀಳುವ ಗುಳಿಗೆ ಕೈಯಲ್ಲಿ ಹಿಡಿದು ನೋಡಿದ್ದೀರಾ? ತಿಕ್ಕಾಟಕ್ಕೇ ಸುಡುತ್ತೆ. ಚಹಾ ಫ್ಲಾಸ್ಕಿಗೆ ಬಿಸಿ ಗುಳಿಗೆ ತುಂಬಿ, ಥರ್ಮಾಮೀಟರ್ ಕಡ್ಡಿ ಚುಚ್ಚಿ, ಮೇಲೆ ಬಟ್ಟೆ ಮುಚ್ಚಿ, ಅಂಕಿ ಏರೋದು ನಿಲ್ಲುವ ತನಕ ಕಾಯಿರಿ. ಅದು 70 ದಾಟಿದರೆ ಬಿಸಿ ತಡೆಯುವ ಫೈಟೇಸಿಗೆ ದುಡ್ಡು ಕೊಡಿ, ದಂಡ ಅಲ್ಲ. ದಾಟದಿದ್ದರೆ ಸಾದಾ ಮಾಲು ಸಾಕು. ಮೀನಿನ ತೇಲುವ ಫೀಡ್ ಮಾಡುವವರ ಕಥೆಯೇ ಬೇರೆ, ಅಲ್ಲಿ ಬಿಸಿ 100 ಡಿಗ್ರಿ ದಾಟುತ್ತೆ. ಸಾಲದ್ದಕ್ಕೆ ಕಾಟ್ಲಾ, ರೋಹುಗಳಿಗೆ ಜಠರವೇ ಇಲ್ಲ, ಹುಳಿಯಲ್ಲಿ ಕೆಲಸ ಮಾಡುವ ಕೋಳಿಯ ಫೈಟೇಸ್ ಅವುಗಳ ಕರುಳಲ್ಲಿ ಅಷ್ಟು ಚುರುಕಾಗಿರಲ್ಲ. ಕೋಳಿಗೆ ತಂದಿದ್ದನ್ನೇ ಮೀನಿಗೂ ಹಾಕಬೇಡಿ.

"ಇದು ಕುಲಾಂತರಿ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಈಗಿನ ಬಹುತೇಕ ಫೈಟೇಸ್ ತಯಾರಾಗೋದು ವಂಶವಾಹಿ ಬದಲಿಸಿದ ಸೂಕ್ಷ್ಮಾಣುಗಳಲ್ಲೇ, ಮುಚ್ಚಿಡುವಂಥದ್ದೇನಿಲ್ಲ. ಪೊಟ್ಟಣದಲ್ಲಿ ಬರೋದು ಅವು ತಯಾರಿಸಿದ ಪ್ರೋಟೀನು, ಕೋಳಿ ಅದನ್ನೂ ಸೋಯಾ ಪ್ರೋಟೀನಿನಂತೆ ಅರಗಿಸಿಕೊಳ್ಳುತ್ತೆ. ನನಗೆ ಇದರಲ್ಲಿ ಹೆದರಿಕೆ ಇಲ್ಲ. ನನ್ನ ಹೆದರಿಕೆ ಇರೋದು ಚೀಲದ ಮೇಲಿನ ಬರಹದ ಬಗ್ಗೆ.

ಕೀಟನಾಶಕದ ಬಾಟಲಿ ಮೇಲೆ ಬ್ಯಾಚ್, ತಾರೀಕು, ಅವಧಿ ಎಲ್ಲಾ ನೋಡಿ ತರುವ ನಾವು ಕಿಣ್ವಕ್ಕೆ ಅದನ್ನು ಕೇಳಲ್ಲ. ಫೀಡಿನಲ್ಲಿ ಫೈಟೇಸ್ ಅಳೆಯಲು ಅಂತರರಾಷ್ಟ್ರೀಯ ಪದ್ಧತಿಯೇ ಇದೆ, ಐಎಸ್‌ಒ 30024, 2009ರಲ್ಲಿ ಬಂದದ್ದು. ಹಾಗಾಗಿ ಅಳೆಯಲು ಆಗಲ್ಲ ಅನ್ನುವ ನೆಪ ನಡೆಯಲ್ಲ. ನನ್ನ ಬೇಡಿಕೆ ದೊಡ್ಡದೇನಲ್ಲ. ಇಲ್ಲಿ ಮಾರುವ ಪ್ರತಿ ಪೊಟ್ಟಣದ ಮೇಲೆ, 40 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟರೆ ಎಷ್ಟು ಯೂನಿಟ್ ಉಳಿಯುತ್ತೆ, ಪ್ರೀಮಿಕ್ಸಿನಲ್ಲಿ ಸೇರಿಸಿಟ್ಟರೆ ಎಷ್ಟು ಉಳಿಯುತ್ತೆ ಅಂತ ಕನ್ನಡದಲ್ಲಿ ಬರೆದಿರಬೇಕು. 90 ಡಿಗ್ರಿಯಲ್ಲಿ ಒಂದು ನಿಮಿಷ ಬದುಕುವ ಕಿಣ್ವ ಕಟ್ಟಲು ಗೊತ್ತಿರುವವರಿಗೆ, ಕಲಬುರಗಿಯ ಗೋದಾಮಿನಲ್ಲಿ 90 ದಿನ ಬದುಕುವ ಕಿಣ್ವ ಕಟ್ಟೋದು ಅಸಾಧ್ಯ ಅಂತ ನಾನು ನಂಬಲ್ಲ. ನಾವು ಕೇಳಿಲ್ಲ, ಅದಕ್ಕೇ ಅವರು ಹೇಳಿಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಇದೆ, ಬೀದರಿನಲ್ಲಿ ಪಶು ವಿಶ್ವವಿದ್ಯಾಲಯ ಇದೆ. ಮಣ್ಣು ಪರೀಕ್ಷೆಯ ಥರ ಫೀಡಿನ ಕಿಣ್ವ ಪರೀಕ್ಷೆಯನ್ನೂ ರೈತನ ಕೈಗೆಟಕುವ ದರದಲ್ಲಿ ಜಿಲ್ಲೆಗೊಂದು ಕಡೆ ಮಾಡಿಕೊಡಿ ಅಂತ ಕೋಳಿ ಸಾಕಣೆದಾರರ ಸಂಘಗಳು ಒಂದು ಅರ್ಜಿ ಕೊಟ್ಟರೆ ತಪ್ಪೇನು?

ಅಲ್ಲಿ ತನಕ ಮುಂದಿನ ಸಲ ಡೀಲರ್ ಬಂದಾಗ ಮೊಬೈಲ್ ತೆಗೆದು ಪೊಟ್ಟಣದ ಹಿಂಬದಿ ಫೋಟೋ ಹಿಡಿಯಿರಿ. ಬ್ಯಾಚ್ ನಂಬರ್, ತಯಾರಾದ ತಿಂಗಳು, ಯಾವ ಉಷ್ಣಾಂಶದಲ್ಲಿ ಇಡಬೇಕು ಅನ್ನುವ ಸಾಲು ಸರಿಯಾಗಿ ಕಾಣುವಂತೆ. ಪ್ರತಿ ಬ್ಯಾಚಿನಿಂದ ಕಾಲು ಕೆಜಿ ಫೀಡು ತೆಗೆದು ಗಾಳಿಯಾಡದ ಕವರಿನಲ್ಲಿ ಹಾಕಿ, ತಾರೀಕು ಬರೆದು ಫ್ರಿಜ್ಜಿನಲ್ಲಿ ಇಡಿ. ಮನೆಯವರು ಬೈದರೆ ಒಂದು ಡಬ್ಬಿಯೊಳಗೆ ಇಡಿ. ನಮ್ಮನೆ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, ಮೊಸರಿನ ಪಾತ್ರೆ ಪಕ್ಕದಲ್ಲೇ, ಈಗಲೂ ಅಂಥ ನಾಲ್ಕು ಕವರ್ ಇವೆ.